ಮಗಳು ಓದಿ ಹೇಳುತ್ತಿದ್ದ ಅಜ್ಜಿ ತೀರಿಕೊಂಡರು, ಅವಳು ಮತ್ತೆ ಆ ವೃದ್ಧಾಶ್ರಮಕ್ಕೆ ಹೋಗಬೇಕೇ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಮಾತು ಕಡಿಮೆ, ಸ್ನೇಹಿತರೂ ಕಡಿಮೆ. ಐದು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಒಂದು ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನ ಹಿರಿಯರಿಗೆ ಪೇಪರ್, ಪುಸ್ತಕ ಓದಿ ಹೇಳುತ್ತಿದ್ದಾಳೆ. ಶಾಲೆಯ ಮಕ್ಕಳೆಲ್ಲ ಸೇರಿ ಶುರು ಮಾಡಿದ್ದು. ಉಳಿದವರು ಬಿಟ್ಟರು, ಇವಳು ಬಿಡಲಿಲ್ಲ. ಭಾನುವಾರವೂ ಹೋಗುತ್ತೇನೆ ಅಂತ ಹಟ ಹಿಡಿದಿದ್ದಳು. ಅಷ್ಟರಲ್ಲಿ, ಹತ್ತು ದಿನದ ಹಿಂದೆ, ಅವಳು ಕಾದಂಬರಿ ಓದಿ ಹೇಳುತ್ತಿದ್ದ ಅಜ್ಜಿ ತೀರಿಕೊಂಡರು. ಅವತ್ತು ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡಳು, ಊಟ ಮಾಡಲಿಲ್ಲ. ಹೋದ ಶನಿವಾರ ಹೋಗಲಿಲ್ಲ. ಅರ್ಧ ಓದಿದ ಆ ಪುಸ್ತಕ ಇನ್ನೂ ಅವಳ ಬ್ಯಾಗಿನಲ್ಲೇ ಇದೆ. ನಮ್ಮ ಯಜಮಾನರು "ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕಿತ್ತು, ಸುಮ್ನೆ ಓದಿಕೊಂಡಿರಲಿ" ಅನ್ನುತ್ತಾರೆ. ನನ್ನ ಅಕ್ಕ "ಇನ್ನೊಂದು ತಿಂಗಳು ಹೋಗಿ ಸರ್ಟಿಫಿಕೇಟ್ ತಗೊಂಡು ಬಿಡಲಿ, ಮುಂದೆ ಕಾಲೇಜಿಗೆ ಉಪಯೋಗಕ್ಕೆ ಬರುತ್ತೆ" ಅನ್ನುತ್ತಾಳೆ. ನನಗೆ ಏನೂ ತೋಚುತ್ತಿಲ್ಲ. ಇನ್ನೊಂದು ವಿಷಯ. ನನ್ನ 13 ವರ್ಷದ ಮಗ ಮೊಬೈಲ್ ಬಿಟ್ಟು ಏಳುವುದಿಲ್ಲ. ಅವನನ್ನೂ ಬಲವಂತವಾಗಿಯಾದರೂ ಇಂಥ ಕಡೆ ಕಳಿಸಿದರೆ ಸರಿಹೋಗುತ್ತಾನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಎರಡು ಪ್ರಶ್ನೆ. ಆದರೆ ಒಳಗಿರುವ ಭಯ ಒಂದೇ ಅನ್ನಿಸಿತು. ಒಳ್ಳೆಯದಾಗಲಿ ಅಂತ ಮಗಳನ್ನು ಕಳಿಸಿದೆ, ಅದರಿಂದಲೇ ಅವಳಿಗೆ ಪೆಟ್ಟಾಯಿತಾ? ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿಯಾಗಿ ಇಂಥ ಅಪ್ಪ ಅಮ್ಮಂದಿರನ್ನು ತುಂಬ ಸಲ ನೋಡಿದ್ದೇನೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮಗಳಿಗೆ ಆಗಿರುವುದು ದುಃಖ. ಅದು ಕಾಯಿಲೆ ಅಲ್ಲ. ಐದು ತಿಂಗಳು ವಾರ ತಪ್ಪದೆ ಒಬ್ಬರ ಪಕ್ಕ ಕೂತು ಕಥೆ ಓದಿದವಳು, ಆ ಕುರ್ಚಿ ಖಾಲಿಯಾದಾಗ ಬಾಗಿಲು ಹಾಕಿಕೊಂಡು ಅತ್ತಳು. ಏನೂ ಆಗದವಳ ಹಾಗೆ ಬಂದು ಟಿವಿ ಮುಂದೆ ಕೂತಿದ್ದರೆ ನನಗೆ ಜಾಸ್ತಿ ಯೋಚನೆಯಾಗುತ್ತಿತ್ತು. "ಎಳೆಯ ಮನಸ್ಸು, ಸಾವು ನೋಡಬಾರದು" ಅನ್ನುವ ಮಾತು ಎಲ್ಲ ಮನೆಗಳಲ್ಲೂ ಇದೆ. ಅದರ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ 15 ವರ್ಷದ ಮಗುವಿಗೆ ಸಾವು ಗೊತ್ತಿಲ್ಲದ ವಿಷಯವೇನಲ್ಲ. ಅವಳಿಗೆ ಕಷ್ಟವಾಗುವುದು ಆ ದುಃಖವನ್ನು ಒಬ್ಬಳೇ ಹೊತ್ತುಕೊಂಡು ತಿರುಗಬೇಕಾದಾಗ. ಇನ್ನೊಂದು ಮಾತು. ತೀರಿಕೊಂಡವರು ಅವಳ ಸ್ವಂತ ಅಜ್ಜಿಯಲ್ಲ. ಹಾಗಾಗಿ ಯಾರೂ ಅವಳನ್ನು ಮಾತಾಡಿಸಿ ಸಮಾಧಾನ ಹೇಳಿರಲಿಕ್ಕಿಲ್ಲ. "ನಿಂಗೆ ಅವರೇನಾಗಬೇಕು?" ಅಂತ ಯಾರಾದರೂ ಕೇಳಿಯೇಬಿಡುತ್ತಾರೇನೋ ಅಂತ ಅವಳಿಗೇ ಒಳಗೊಳಗೆ ಅಳುಕಿರಬಹುದು. ನೀವು ಆ ಅಜ್ಜಿಯ ಬಗ್ಗೆ ಕೇಳಿ. ಹೇಗಿದ್ದರು, ಕಥೆಯಲ್ಲಿ ಯಾವ ಪಾತ್ರ ಅವರಿಗೆ ಇಷ್ಟವಾಗಿತ್ತು, ಎಲ್ಲಿ ನಗುತ್ತಿದ್ದರು. ಸಮಾಧಾನ ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಿ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಇನ್ನೆರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೆ ಹೋಗುವುದಕ್ಕೇ ಮನಸ್ಸಿಲ್ಲದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ ಮಕ್ಕಳ ಮನೋವೈದ್ಯರನ್ನೋ ಸಮಾಲೋಚಕರನ್ನೋ ಕಾಣಿ. "ನಾನೂ ಇರಬಾರದಿತ್ತು" ಅನ್ನುವಂಥ ಮಾತು ಬಂದರೆ, ಕೈಗೆ ಮೈಗೆ ಗಾಯ ಮಾಡಿಕೊಂಡದ್ದು ಕಂಡರೆ, ಎರಡು ವಾರ ಕಾಯಬೇಡಿ. ಅದೇ ದಿನ ಹೋಗಿ.

ಇನ್ನು ನಿಮ್ಮ ಯಜಮಾನರ ಮಾತು. "ಇದೆಲ್ಲ ಯಾಕೆ ಬೇಕಿತ್ತು?" ಇದಕ್ಕೆ ನೇರವಾಗಿಯೇ ಉತ್ತರ ಕೊಡುತ್ತೇನೆ.

ಹದಿಹರೆಯದ ಮಕ್ಕಳ ಮಿದುಳಿನ ಬಗ್ಗೆ ನಮಗೆ ಹೆಚ್ಚಾಗಿ ಅರ್ಧ ಸತ್ಯವನ್ನೇ ಹೇಳುತ್ತಾರೆ. ಖುಷಿ, ಉತ್ಸಾಹಕ್ಕೆ ಸಂಬಂಧಪಟ್ಟ ಭಾಗ ಈ ವಯಸ್ಸಿನಲ್ಲಿ ತುಂಬ ಚುರುಕಾಗಿರುತ್ತದೆ. ಹಿಂದುಮುಂದು ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ನಾಲ್ಕೈದು ವರ್ಷ ಬೇಕು. ಅದಕ್ಕೇ ಈ ಮಕ್ಕಳು ಅಪಾಯದ ಕಡೆ ಜಾರುತ್ತಾರೆ ಅನ್ನುವುದು ನಿಜ. ಆದರೆ ಅದೇ ಖುಷಿಯ ಭಾಗ ಇನ್ನೊಬ್ಬರಿಗೆ ಕೊಡುವಾಗಲೂ ಎಚ್ಚರಗೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಈವಾ ಟೆಲ್ಜರ್, ಆಂಡ್ರ್ಯೂ ಫುಲಿಗ್ನಿ ಮತ್ತು ಜೊತೆಗಾರರು ಹದಿಹರೆಯದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮನೆಯವರಿಗೋಸ್ಕರ ಹಣ ಬಿಟ್ಟುಕೊಡುವಾಗ ಯಾರ ಮಿದುಳಿನ ಈ ಭಾಗ ಹೆಚ್ಚು ಚುರುಕಾಯಿತೋ, ಅವರಲ್ಲಿ ಮುಂದಿನ ದಿನಗಳಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವು. ಸ್ಕ್ಯಾನ್ ವೇಳೆ ಅಪಾಯ ತಗೊಳ್ಳುವ ಒಂದು ಆಟ ಆಡುವಾಗ ಆ ಭಾಗ ಚುರುಕಾದವರಲ್ಲಿ ಅವು ಏರಿದವು. "ನನ್ನಿಂದ ಯಾರಿಗೋ ಏನೋ ಆಯಿತು" ಅನ್ನುವ ಭಾವನೆ ಈ ವಯಸ್ಸಿನ ಹಸಿವು ಅಂತ ನನಗೂ ಅನ್ನಿಸುತ್ತದೆ. ನಾವು ಅವರಿಗೆ ದಿನವಿಡೀ ಹೇಳುವುದು ಓದು, ಬರಿ, ತಿನ್ನು, ಮಲಗು. "ನೀನು ಬೇಕಿತ್ತು ಕಣೇ" ಅಂತ ಹೇಳುವವರು ಯಾರು? ಆ ಅಜ್ಜಿ ಹೇಳುತ್ತಿದ್ದರು, ಅಲ್ವಾ?

ಮೈಗೂ ಲಾಭವಿದೆ. ಪಶ್ಚಿಮ ಕೆನಡಾದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ 106 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸುಮಾರು ಎರಡು ತಿಂಗಳು ವಾರಕ್ಕೊಮ್ಮೆ ಚಿಕ್ಕ ಮಕ್ಕಳ ಜೊತೆ ಸ್ವಯಂಸೇವೆ ಮಾಡಿತು. ಇನ್ನೊಂದು ತನ್ನ ಸರದಿಗೆ ಕಾಯಿತು. ಕೊನೆಯಲ್ಲಿ ನೋಡಿದಾಗ ಸೇವೆ ಮಾಡಿದವರಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇತ್ತು. ದೇಹದ ಉರಿಯೂತವನ್ನು ತೋರಿಸುವ ಇಂಟರ್‌ಲ್ಯೂಕಿನ್-6 ಅನ್ನುವ ಅಂಶವೂ, ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ ಕಡಿಮೆ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. 106 ಮಕ್ಕಳು ಅಂದರೆ ಸಣ್ಣ ಗುಂಪು, ಒಂದೇ ಶಾಲೆ. ಹಾಗಾಗಿ ಇದನ್ನು ಔಷಧಿ ಅಂತ ನಾನು ಬರೆದುಕೊಡುವುದಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಅದರೊಳಗಿನ ಇನ್ನೊಂದು ಅಂಶ. ಯಾರಲ್ಲಿ ಇನ್ನೊಬ್ಬರ ಬಗ್ಗೆ ಮರುಕ ಜಾಸ್ತಿಯಾಗಿ ಮನಸ್ಸಿನ ಬೇಸರ ಇಳಿಯಿತೋ, ಅವರ ಮೈಗೇ ಹೆಚ್ಚು ಲಾಭವಾಗಿತ್ತು. ಅಂದರೆ ಬರೀ ಹೋಗಿ ಬಂದರೆ ಆಗಲಿಲ್ಲ. ಮನಸ್ಸು ತಟ್ಟಬೇಕಿತ್ತು.

ಈ ಮನಸ್ಸು ತಟ್ಟುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ನನ್ನ ಹತ್ತಿರ ಬರುತ್ತಿದ್ದಳು. ಹದಿನಾಲ್ಕು ವರ್ಷ. ತರಗತಿಯಲ್ಲಿ ಹೆಸರು ಕೂಗಿದರೂ ದನಿ ಹೊರಡುತ್ತಿರಲಿಲ್ಲ. ಜನರ ಮಧ್ಯೆ ಹೋಗು ಅಂದರೆ ಕೈ ಬೆವರುತ್ತಿತ್ತು. ಒಂದು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಹರಿದ ಪುಸ್ತಕ ಅಂಟಿಸುವ ಕೆಲಸ ಸಿಕ್ಕಿತು. ಮಾತಾಡುವ ಅಗತ್ಯವೇ ಇಲ್ಲ. ಮೂಲೆಯ ಮೇಜು, ಟೇಪು, ಕತ್ತರಿ, ಒಂದು ಸ್ಕೇಲು. ಹರಿದ ಅಂಚುಗಳನ್ನು ಎದುರುಬದುರು ಕೂಡಿಸಿ, ಟೇಪನ್ನು ಮಧ್ಯದಿಂದ ಅಂಚಿಗೆ ಉಗುರಿನಿಂದ ತೀಡುತ್ತ ಗುಳ್ಳೆ ಬರದ ಹಾಗೆ ಅಂಟಿಸುವುದನ್ನು ಕಲಿತಳು. ಆರೇಳು ವಾರ ಹಾಗೇ ನಡೆಯಿತು. ಒಂದು ದಿನ ಒಂದು ಪುಟ್ಟ ಹುಡುಗ ಅವಳು ಅಂಟಿಸಿದ ಪುಸ್ತಕವನ್ನೇ ಹಿಡಿದು ಬಂದು "ಅಕ್ಕಾ, ಇದು ಮತ್ತೆ ಹರಿದ್ರೆ ನೀವು ಇರ್ತೀರಾ?" ಅಂತ ಕೇಳಿದ. ಅವಳು "ಇರ್ತೀನಿ" ಅಂದಳು. ನನ್ನ ಕೋಣೆಯಲ್ಲಿ ನಾಲ್ಕು ತಿಂಗಳು ಕೂತು ನಾನು ಹೊರಡಿಸಲಾಗದ ದನಿ ಅದು.

ಅವಳು ಯಾಕೆ ಮಾತಾಡಿದಳು? ನನ್ನ ಎದುರು ಅವಳು ತೊಂದರೆ ಇರುವ ಹುಡುಗಿ. ಆ ಮೇಜಿನ ಹತ್ತಿರ ಅವಳು ಕೆಲಸ ಗೊತ್ತಿರುವ ಅಕ್ಕ. ಸಹಾಯ ಮಾಡುವವರಿಗೇ ಸಹಾಯವಾಗುತ್ತದೆ ಅನ್ನುವುದನ್ನು ಫ್ರಾಂಕ್ ರೀಸ್‌ಮನ್ ಎಂಬ ಸಮಾಜವಿಜ್ಞಾನಿ 1965ರಷ್ಟು ಹಿಂದೆಯೇ ಬರೆದಿದ್ದರು. ಮಾತು ಕಡಿಮೆಯ ಮಕ್ಕಳಿಗೆ ಇದು ಇನ್ನೂ ನಿಜ. ಅವರಿಗೆ "ಹೋಗಿ ಸ್ನೇಹ ಮಾಡಿಕೋ" ಅಂದರೆ ಆಗುವುದಿಲ್ಲ. ಕೈಗೆ ಒಂದು ಕೆಲಸ ಕೊಟ್ಟರೆ ಅದರ ಮರೆಯಲ್ಲಿ ಸ್ನೇಹ ತಾನಾಗೇ ಬರುತ್ತದೆ. ನಿಮ್ಮ ಮಗಳಿಗೆ ಅಂಥ ಮರೆ ಆ ಕಾದಂಬರಿಯೇ.

ಓದಿಗೆ ತೊಂದರೆ ಆಗುತ್ತದಾ? ವಾರಕ್ಕೆ ಎರಡು ಮೂರು ಗಂಟೆಯಿಂದ ಮಾರ್ಕ್ಸ್ ಕುಸಿದ ಮಗುವನ್ನು ನಾನು ನೋಡಿಲ್ಲ. ಅಮೆರಿಕದಲ್ಲಿ 25 ಕಡೆ, 695 ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 1997ರಲ್ಲಿ ಬಂತು. ಅಲ್ಲೂ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಹಂಚಿದ್ದರು. ಸ್ವಯಂಸೇವೆ ಮಾಡಿ, ಅದರ ಬಗ್ಗೆ ತರಗತಿಯಲ್ಲಿ ಕೂತು ಮಾತಾಡಿದ ಮಕ್ಕಳಲ್ಲಿ ಫೇಲಾಗುವುದು, ಶಾಲೆಯಿಂದ ಅಮಾನತಾಗುವುದು, ಹುಡುಗಿಯರು ಚಿಕ್ಕ ವಯಸ್ಸಿಗೇ ಗರ್ಭಿಣಿಯಾಗುವುದು ಎಲ್ಲ ಕಡಿಮೆಯಾಗಿತ್ತು. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಆದರೆ ಅವರ ಮಾತಿನಲ್ಲಿ ಸತ್ಯವೇ ಇಲ್ಲ ಅಂತಲ್ಲ. ಮಿತಿ ಬೇಕು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಸೇವೆಯ ಗಂಟೆಗಳು ನಿದ್ದೆಯಿಂದ ಕದ್ದು ಬಂದರೆ ಮೇಲೆ ಹೇಳಿದ ಯಾವ ಲಾಭವೂ ಉಳಿಯುವುದಿಲ್ಲ.

ಸರ್ಟಿಫಿಕೇಟ್ ವಿಷಯ. ಕೊಟ್ಟರೆ ತಗೊಳ್ಳಲಿ, ಫೈಲಿನಲ್ಲಿ ಇಡಲಿ. ಅದಕ್ಕೋಸ್ಕರ ಹೋಗುವುದು ಬೇಡ. ನಿಮ್ಮ ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆಪ್ತರಾದ ಒಬ್ಬರು ತೀರಿಕೊಂಡ ಹತ್ತೇ ದಿನಕ್ಕೆ ಈ ಮಾತು ಮಗಳ ಕಿವಿಗೆ ಬೀಳುವುದು ಬೇಡ. ಆ ಹಿರಿಯರು ನಮ್ಮ ಮಕ್ಕಳ ವ್ಯಕ್ತಿತ್ವ ವಿಕಸನಕ್ಕೆ ಇಟ್ಟಿರುವ ಸಾಮಾನಲ್ಲ. ನಿಮ್ಮ ಮಗಳಿಗೆ ಅದು ಆಗಲೇ ಗೊತ್ತಿದೆ. ಉಳಿದವರು ಬಿಟ್ಟರೂ ಅವಳು ಉಳಿದಳಲ್ಲ, ಅದಕ್ಕೇ.

ಈಗ ಮುಂದೇನು? ನಾಲ್ಕು ದಾರಿ ಕಾಣುತ್ತಿವೆ.

ಪೂರ್ತಿ ಬಿಡಿಸುವುದು ಒಂದು. ಇದರಿಂದ ನಿಮಗೆ ನೆಮ್ಮದಿ ಸಿಗಬಹುದು. ಆದರೆ ಅವಳಿಗೆ ಸಿಗುವ ಪಾಠ "ಪ್ರೀತಿಸಿದರೆ ನೋವಾಗುತ್ತೆ, ಆದ್ದರಿಂದ ದೂರ ಇರು" ಅನ್ನುವುದು. ಅಲ್ಲಿ ಅವಳಿಗೆ ಕಾಯುತ್ತಿರುವ ಉಳಿದ ಹಿರಿಯರೂ ಇದ್ದಾರೆ. ಅವಳಾಗಿ "ಇನ್ನು ಬೇಡ" ಅಂದರೆ ಬೇರೆ ವಿಷಯ. ಆಗ ತಡೆಯಬೇಡಿ, ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಆದರೆ ಒಂದು ಸಲ ಹೋಗಿ ಎಲ್ಲರಿಗೂ ಹೇಳಿ ಬರಲಿ. ಹೇಳದೆ ಮಾಯವಾಗುವುದು ಅವರಿಗೂ ಇವಳಿಗೂ ಒಳ್ಳೆಯದಲ್ಲ.

ಇನ್ನೊಂದು, ಅವಳು ಕೇಳುತ್ತಿದ್ದ ಹಾಗೆ ಎರಡು ದಿನ ಕಳಿಸುವುದು. ಇದಕ್ಕೆ ಈಗ ನಾನು ಒಪ್ಪುವುದಿಲ್ಲ. ಸೇವೆ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವುದೂ ಒಂದು ತಪ್ಪು ನಂಬಿಕೆ. ಸ್ನೇಹಿತರು ಕಡಿಮೆ ಇರುವ ಮಗು ತನ್ನ ಇಡೀ ಪ್ರಪಂಚವನ್ನು ಒಂದು ಆಶ್ರಮದೊಳಗೆ ಕಟ್ಟಿಕೊಂಡರೆ, ಅಲ್ಲಿ ಪ್ರತಿ ಸಲ ಒಂದು ಮಂಚ ಖಾಲಿಯಾದಾಗಲೂ ಆ ಪ್ರಪಂಚ ಅಲುಗಾಡುತ್ತದೆ. ವಯಸ್ಸಾದವರ ಜಾಗ ಅದು. ಇನ್ನೂ ಸಾವುಗಳಾಗುತ್ತವೆ. ಇದನ್ನು ಅವಳ ಹತ್ತಿರ ಮುಚ್ಚಿಡದೆ ಹೇಳಿ. ಭಾನುವಾರ ಅವಳ ವಯಸ್ಸಿನವರ ಜೊತೆ ಕಳೆಯಲಿ, ಇಲ್ಲವೇ ಸುಮ್ಮನೆ ಮಲಗಲಿ.

ಜಾಗ ಬದಲಿಸುವ ಯೋಚನೆಯೂ ನಿಮಗೆ ಬರಬಹುದು. ಗ್ರಂಥಾಲಯ, ಪ್ರಾಣಿಗಳ ಆಶ್ರಯ, ಗಿಡ ನೆಡುವ ತಂಡ, ಚಿಕ್ಕವರಿಗೆ ಪಾಠ ಹೇಳಿಕೊಡುವುದು, ಎಲ್ಲವೂ ಒಳ್ಳೆಯದೇ. ಅನಾಥಾಶ್ರಮದ ಬಗ್ಗೆ ಮಾತ್ರ ಎಚ್ಚರ. ನಾಲ್ಕು ವಾರ ಎತ್ತಿ ಆಡಿಸಿ ಐದನೇ ವಾರದಿಂದ ಬರದಿದ್ದರೆ, ಮೊದಲೇ ಒಮ್ಮೆ ಕಳಕೊಂಡ ಆ ಮಕ್ಕಳು ಮತ್ತೊಮ್ಮೆ ಕಳಕೊಳ್ಳುತ್ತಾರೆ. ನಮ್ಮ ಮಕ್ಕಳ ಕಲಿಕೆಗೆ ಅವರು ಬೆಲೆ ತೆರಬಾರದು.

ನನ್ನ ಆಯ್ಕೆ ನಾಲ್ಕನೆಯದು. ಒಂದೆರಡು ವಾರ ಬಿಡುವು ತಗೊಂಡು, ಮೊದಲಿನ ಹಾಗೆ ಶನಿವಾರ ಮಾತ್ರ, ಅದೇ ಜಾಗಕ್ಕೆ ಹೋಗುವುದು. ಮೊದಲ ದಿನ ನೀವೂ ಜೊತೆಗೆ ಹೋಗಿ. ಅಲ್ಲಿನ ಮೇಲ್ವಿಚಾರಕರಿಗೆ ಮೊದಲೇ ಫೋನ್ ಮಾಡಿ "ಅವಳಿಗೆ ಆ ಅಜ್ಜಿಯ ಬಗ್ಗೆ ಎರಡು ಮಾತು ಹೇಳಿ" ಅಂತ ಕೇಳಿಕೊಳ್ಳಿ. ಅವರೂ ಆ ಅಜ್ಜಿಯನ್ನು ಕಳಕೊಂಡವರೇ. ಮುಂದೆ ಒಬ್ಬರಿಗೇ ಓದುವ ಬದಲು ನಾಲ್ಕೈದು ಜನರನ್ನು ಕೂರಿಸಿಕೊಂಡು ಓದಿದರೆ ಭಾರ ಹಂಚಿಹೋಗುತ್ತದೆ. ಇದರಲ್ಲಿರುವ ಅಪಾಯ ಒಂದೇ. ನೀವು ಅವಸರ ಮಾಡಿ, ಅವಳು ನಿಮ್ಮ ಸಮಾಧಾನಕ್ಕೆ ಹೋಗುವ ಹಾಗಾಗುವುದು. ಯಾವ ಶನಿವಾರದಿಂದ ಅನ್ನುವುದನ್ನು ಅವಳೇ ಆರಿಸಲಿ.

ಹೋದಾಗ ಕೆಲವು ವಿಷಯ ಕಣ್ಣಾರೆ ನೋಡಿಕೊಂಡು ಬನ್ನಿ. ಸ್ವಯಂಸೇವಕ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿ ಯಾರದು? ಅವರ ನಂಬರ್ ನಿಮ್ಮ ಹತ್ತಿರ ಇದೆಯಾ? ಅವಳು ಓದುವ ಜಾಗ ನಾಲ್ಕು ಜನ ಓಡಾಡುವ ಕಡೆ ಇದೆಯಾ, ಇಲ್ಲ ಬಾಗಿಲು ಹಾಕಿದ ಕೋಣೆಯಾ? ಮಾತ್ರೆ ಕೊಡುವುದು, ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ತರಬೇತಿ ಆದವರ ಕೆಲಸ. ಅದನ್ನು ಮಕ್ಕಳ ಕೈಲಿ ಮಾಡಿಸಬಾರದು. ಜನ ಸಾಲದೆ ಮಕ್ಕಳ ಮೇಲೆ ಹೊರಿಸುವುದನ್ನು ನಾನು ಕಂಡಿದ್ದೇನೆ. ಯಾರ ನಡವಳಿಕೆಯಾದರೂ ಅವಳಿಗೆ ಮುಜುಗರ ತಂದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಎದ್ದು ಬರಬಹುದು, ಮನೆಯಲ್ಲಿ ಹೇಳಬಹುದು ಅಂತ ಬಾಯಿಬಿಟ್ಟು ಹೇಳಿ. ಅದು ಅವಳಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ.

ಮನೆಗೆ ಬಂದ ಮೇಲೆ "ಇವತ್ತು ಏನು ಕಲಿತೆ?" ಅಂತ ಕೇಳುವುದು ಬೇಡ, ಅದು ಪರೀಕ್ಷೆ ಕೇಳಿದ ಹಾಗಿರುತ್ತದೆ. "ಇವತ್ತು ಯಾರು ಏನಂದ್ರು?" ಅನ್ನಿ. ಆ ಅಮೆರಿಕದ ಅಧ್ಯಯನದ ಮಕ್ಕಳು ತರಗತಿಯಲ್ಲಿ ಕೂತು ಮಾತಾಡುತ್ತಿದ್ದರಲ್ಲ, ನಿಮ್ಮ ಮನೆಯಲ್ಲಿ ಆ ಕೆಲಸ ಅಡುಗೆಮನೆಯಲ್ಲಿ ಆಗುತ್ತದೆ.

ಮಗನ ವಿಷಯಕ್ಕೆ ಬರೋಣ. ಬಲವಂತವಾಗಿ ಕಳಿಸಬೇಡಿ. ಇದು ನನ್ನ ಅನಿಸಿಕೆ ಮಾತ್ರವಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲ್ ಪಾಸಾಗಬೇಕಾದರೆ 75 ಗಂಟೆ ಸೇವೆ ಮಾಡಬೇಕು ಅಂತ ನಿಯಮವಿದೆ. ಅದರ ಪರಿಣಾಮ ನೋಡಿದ ಅಧ್ಯಯನವೊಂದು 2013ರಲ್ಲಿ ಬಂತು. ಚಿಕ್ಕ ತರಗತಿಯಲ್ಲಿ ಸೇವೆ ಹೆಚ್ಚಿತ್ತು, ದೊಡ್ಡ ತರಗತಿಗೆ ಬಂದಾಗ ಕಡಿಮೆಯಾಗಿತ್ತು. ಲೆಕ್ಕ ಮುಗಿಸಿ ಕೈತೊಳೆದುಕೊಂಡ ಹಾಗೆ ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. 1999ರ ಇನ್ನೊಂದು ಅಧ್ಯಯನದಲ್ಲಿ, ಇದು ನನ್ನ ಮೇಲೆ ಹೇರಿದ್ದು ಅನ್ನಿಸಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಮುಂದೆ ಸೇವೆ ಮಾಡುವ ಮನಸ್ಸೇ ಕಡಿಮೆಯಾಗಿತ್ತು. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗನನ್ನು ಅಪ್ಪ ಪ್ರತಿ ವಾರ ಒಂದು ಕಡೆ ಬಿಟ್ಟು, ಕೆಲಸ ಮಾಡುವ ಫೋಟೋ ತೆಗೆದು ಕಳಿಸು ಅನ್ನುತ್ತಿದ್ದರು. ಹುಡುಗ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು, ಪೊರಕೆ ಇಟ್ಟು ಗೇಟಿನ ಹೊರಗೆ ಕೂರುತ್ತಿದ್ದ. ಅಲ್ಲಿಯವರಿಗೂ ಅವನಿಗೂ ಅದರಿಂದ ಏನೂ ಆಗಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾತ್ರ ಬೆಳೆಯಿತು.

ಮೊಬೈಲ್ ಜಾಸ್ತಿಯಾಗಿದ್ದರೆ ಅದಕ್ಕೆ ಮನೆಯಲ್ಲೇ ಬೇರೆ ನಿಯಮ ಮಾಡಿ. ಸೇವೆಯನ್ನು ಶಿಕ್ಷೆ ಮಾಡಬೇಡಿ. ಅವನಿಗೆ ಏನು ಬರುತ್ತದೆ ನೋಡಿ. ಮೊಬೈಲ್ ಬಿಡದ ಹುಡುಗನಿಗೆ ಮೊಬೈಲ್ ಚೆನ್ನಾಗಿ ಬರುತ್ತದೆ. ವಯಸ್ಸಾದ ಸಂಬಂಧಿಕರು, ಅಕ್ಕಪಕ್ಕದವರು ಯಾರಿಗಾದರೂ ವಿಡಿಯೋ ಕಾಲ್ ಮಾಡುವುದು, ಅಕ್ಷರ ದೊಡ್ಡದು ಮಾಡುವುದು, ಮೋಸದ ಮೆಸೇಜ್ ಗುರುತಿಸುವುದು ಬೇಕಾಗಿರುತ್ತದೆ. "ಅವರಿಗೆ ಸ್ವಲ್ಪ ತೋರಿಸಿಕೊಡ್ತೀಯಾ? ನಂಗೆ ಸರಿಯಾಗಿ ಬರಲ್ಲ" ಅಂತ ಕೇಳಿ. ಎರಡು ಮೂರು ಕೆಲಸ ಅವನ ಮುಂದಿಡಿ, ಅವನು ಆರಿಸಲಿ. ಇಲ್ಲ ಅಂದರೆ ತಿಂಗಳು ಬಿಟ್ಟು ಕೇಳಿ. ಅಕ್ಕನನ್ನು ತೋರಿಸಿ "ನೋಡು, ಅವಳು ಹೇಗೆ" ಅನ್ನುವುದು ಮಾತ್ರ ಯಾವತ್ತೂ ಬೇಡ.

ಕೊನೆಗೆ, ಅವಳ ಬ್ಯಾಗಿನಲ್ಲಿರುವ ಪುಸ್ತಕ. ಅದನ್ನು ನೀವು ತೆಗೆದಿಡಬೇಡಿ. ಬ್ಯಾಗು ಒಗೆಯಬೇಕಾಗಿ ಬಂದರೆ ಅವಳನ್ನೇ ಕೇಳಿ, ಓದಿ ನಿಲ್ಲಿಸಿದ ಪುಟದಲ್ಲಿ ಅವಳು ಗುರುತು ಇಟ್ಟಿರಬಹುದು. ಮತ್ತೆ ಹೋಗುವ ದಿನ ಅದನ್ನು ಜೊತೆಗೆ ಒಯ್ಯಬೇಕೋ ಬೇಡವೋ, ಬೇರೆಯವರಿಗೆ ಮೊದಲಿನಿಂದ ಓದಬೇಕೋ, ಉಳಿದರ್ಧವನ್ನು ಒಬ್ಬಳೇ ಕೂತು ಮುಗಿಸಬೇಕೋ, ಅವಳು ಹೇಳುತ್ತಾಳೆ. ಒಬ್ಬಳೇ ಓದಲು ಆಗುತ್ತಿಲ್ಲ ಅಂದರೆ, "ನಂಗೆ ಓದಿ ಹೇಳು" ಅಂತ ನೀವು ಕೇಳಬಹುದು.